ಪೈಪಿಗೆ ಥಂಡಿ ಹತ್ತೀತು!

ಹುಟ್ಟಿದೂರಿನ ಹವೆಯನ್ನು ತಲೆಯಲ್ಲಿಟ್ಟುಕೊಂಡೇ ಇನ್ನೊಂದೂರಿಗೆ ನೌಕರಿಗೆ ಬಂದವರ ಸಂಗಡ ಇಂಥವು ಆಗುತ್ತಲೇ ಇರುತ್ತವೆ.

ಎಪ್ಪತ್ತರ ದಶಕದಲ್ಲಿ ನಾನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದೆ. ನಮ್ಮ ಸಾವುಕಾರರಿಗೆ ನಾಲ್ಕು ತಾಲೂಕಿನಲ್ಲಿ ನಾಲ್ಕು ಜಿನ್ನು. ಹತ್ತಿಗೆ ಒಂದು ಕಿಡಿ ಸಾಕು. ಅದಕ್ಕೇ ಎಲ್ಲ ಕಡೆ ಛತ್ತಿನ ಕೆಳಗೆ ನೀರಿನ ಪೈಪು ಹಾಯಿಸಿ ಅಲ್ಲಲ್ಲಿ ಸ್ಪ್ರಿಂಕ್ಲರ್ ಕೂರಿಸಿದ್ದರು. ಕಾವು ಬಡಿದರೆ ಅದರ ಬಾಯಿಯ ಗಾಜು ಒಡೆದು ನೀರು ತಾನಾಗಿಯೇ ಸುರಿಯಬೇಕು. ಇದರ ಉಸ್ತುವಾರಿಗೆ ಬಂದ ಹೊಸ ಸಾಹೇಬರು ಹಿಮ ಬೀಳುವ ಸೀಮೆಯವರು. ಅವರ ಊರಲ್ಲಿ ಚಳಿಗಾಲಕ್ಕೆ ನೀರು ಬರ್ಫಾಗಿ ಪೈಪೇ ಸೀಳುತ್ತಿತ್ತಂತೆ. ದೀವಳಿಗೆ ಮುಗಿದದ್ದೇ ತಡ, ಪಾಪ, ಅವರಿಗೆ ನಿದ್ದೆ ಹಾರಿತು. ಅವರು ಹಿಂದಿಯಲ್ಲಿ ಹುಕುಂ ಮಾಡುವುದು, ನಾನು ಕನ್ನಡದಲ್ಲಿ ತಿಳಿಸುವುದು.

ಇಂಡಿ

ಮೊದಲ ಹುಕುಂ: ಪೈಪಿಗೆ ಕಂಬಳಿ ಸುತ್ತಿ. ವಾಚಮನ್ ಮುದುಕನ ಕೈಗೆ ಕಂಬಳಿ ಕೊಟ್ಟು ಬಂದೆವು. ಬೆಳಿಗ್ಗೆ ಹೋಗಿ ನೋಡಿದರೆ ಪೈಪು ಬತ್ತಲೆ, ಕಂಬಳಿಯೊಳಗೆ ವಾಚಮನ್.

"ಯಾಕ ಕಾಕಾ, ಪೈಪಿನ ಕಂಬಳಿ ನೀ ಹೊತ್ಕೊಂಡೀಯಲ್ಲ?" ಎಂದೆ.

ಅವನು ಕಂಬಳಿಯಿಂದ ಮೂಗಷ್ಟೇ ಹೊರಗೆ ಹಾಕಿದ. "ಥಂಡಿ ಹತ್ತೇತೇನಪಾ ಅಂತ ಪೈಪಿಗೆ ಕೇಳೇ ಕೇಳಿದ್ನಿರಿ. ಹೂಂ ಅನ್ಲಿಲ್ಲ, ಹಾಂ ಅನ್ಲಿಲ್ಲ. ನನಗ ಹತ್ತಿತ್ರಿ."

ಸಿಂದಗಿ

ಸಾಹೇಬರಿಗೆ ಕಂಬಳಿಯ ಮೇಲಿನ ನಂಬಿಕೆ ಹೋಯಿತು. ಇನ್ನು ಕೋಣೆಯನ್ನೇ ಬೆಚ್ಚಗಿಡಬೇಕು ಎಂದರು. ಹತ್ತಿ ಇರುವಲ್ಲಿ ಬೆಂಕಿ ಒಯ್ಯುವಂತಿಲ್ಲ, ಸಾವುಕಾರರ ಕಚೇರಿಯಲ್ಲಾದರೂ ಒಂದು ಶೆಗಡಿ ಇಡಿ ಎಂದು ಕೂಲಿಯಾಳುಗಳ ಮುಕಾದಮನಿಗೆ ಹೇಳಿದರು. ಅವನಿಗೆ ಕೆಲಸದಲ್ಲಿ ಶ್ರದ್ಧೆ ಬಹಳ. ಪೈಪಿಗೆ ಚಲೋ ಕಾವು ಸಿಗಲೆಂದು ಟೇಬಲ್ಲಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಕೆಂಡ ತುಂಬಿದ ಶೆಗಡಿ ಏರಿಸಿದ. ಅದರ ನೆತ್ತಿಗೆ ಸರಿಯಾಗಿ ಸ್ಪ್ರಿಂಕ್ಲರ್. ಪಕ್ಕದ ಗಾದಿಯ ಮೇಲೆ ಸಾವುಕಾರರು ಬಂದು ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಗಾಜು 'ಟಪ್' ಎಂದಿತು. ಎಷ್ಟೋ ದಿನದಿಂದ ಪೈಪಿನಲ್ಲಿ ನಿಂತಿದ್ದ ಕರೀ ನೀರು ಇಸ್ತ್ರಿ ಮಾಡಿದ ರುಮಾಲು, ಕೋಟು, ಧೋತರ ಯಾವುದನ್ನೂ ಬಿಡಲಿಲ್ಲ.

ಸಾವುಕಾರರು ಬಾಯಿ ತೆರೆಯುವ ಮೊದಲೇ ಮುಕಾದಮ ಅವರ ತೊಯ್ದ ತೋಳು ಮುಟ್ಟಿ ನೋಡಿದ. ನನ್ನ ಕಡೆ ತಿರುಗಿ, "ಸಾಹೇಬ್ರಿಗೆ ಹೇಳ್ರಿ, ನೀರ ಬರ್ಫ ಆಗಿಲ್ಲ. ಬೆಚ್ಚಗ ಅದಾವ!" ಎಂದ.

ಮುದ್ದೇಬಿಹಾಳ

ಇಲ್ಲಿ ಔಷಧಿಯ ಪ್ರಯೋಗ. ನೀರಿಗೆ ಗ್ಲಿಸರಿನ್ ಬೆರೆಸಿದರೆ ಅದು ಬೇಗ ಬರ್ಫಾಗುವುದಿಲ್ಲವಂತೆ. ದೊಡ್ಡ ಡಬ್ಬಿ ತರಿಸಿ, ಪೈಪು ಒಡೆಯದಿರಲೆಂದು ಇದನ್ನು ಬೆರೆಸಬೇಕೆಂದು ಎಲ್ಲರಿಗೂ ತಿಳಿಸಿ, ಪಂಪಿನ ಪಕ್ಕ ಇಟ್ಟು ಊಟಕ್ಕೆ ಹೋದೆವು. ತಿರುಗಿ ಬಂದಾಗ ಡಬ್ಬಿ ಖಾಲಿ. ಯಾರೋ ಬೆರೆಸಿಯೇ ಬಿಟ್ಟರೆಂದು ಸಾಹೇಬರು ಖುಷಿಯಿಂದ ನಲ್ಲಿ ತಿರುಗಿಸಿ ಒಂದು ಹನಿ ನೆಕ್ಕಿದರು. ಗ್ಲಿಸರಿನ್ನಿನ ಸಿಹಿ ಇಲ್ಲ, ಸಪ್ಪನೆ ನೀರು. ಆ ಕಡೆ ನೋಡಿದರೆ ಹತ್ತಿ ಆರಿಸುವ ಹೆಂಗಸರೆಲ್ಲ ಕಾಲು ಚಾಚಿ ಕುಳಿತಿದ್ದಾರೆ, ಪಾದಗಳು ಫಳಫಳ!

ಎಲ್ಲರಿಗಿಂತ ಹಿರಿಯಳು ಎದ್ದು ನಿಂತು ಹೇಳಿದಳು, "ಒಡೀಬಾರ್ದು ಅಂತ ತಂದಿದ್ರಿ ಹೌದಿಲ್ಲೊ? ಪೈಪ ಒಡದಿದ್ದಿಲ್ರಿ. ನಮ್ಮ ಹಿಮ್ಮಡ ಒಡದಿದ್ದುವು."

ಬಸವನ ಬಾಗೇವಾಡಿ

ಕಡೆಗೆ ಸಾಹೇಬರು, ನೀರಿದ್ದರೆ ತಾನೇ ಬರ್ಫಾಗುವುದು ಎಂದು ಪೈಪನ್ನೇ ಖಾಲಿ ಮಾಡಿಸಿದರು. ಬೆಂಕಿ ಬಿದ್ದರೆ ಪಂಪಿನ ವಾಲ್ವ್ ತೆರೆದರಾಯಿತು ಎಂದು ಲೆಕ್ಕ.

ಒಂದು ಮಧ್ಯಾಹ್ನ ಬೆಂಕಿ ಬಿದ್ದೇ ಬಿದ್ದಿತು. ಜಿನ್ನಿಗೆ ಕಲ್ಲು ಸಿಕ್ಕು ಕಿಡಿ ಹಾರಿ, ಅರಳೆಯ ರಾಶಿ ಹೊತ್ತಿಕೊಂಡಿತು. ಗಾಜು ಒಡೆಯಿತು, ಪೈಪು 'ಫುಸ್' ಎಂದು ಗಾಳಿ ಬಿಟ್ಟಿತು. ನಾನು ಪಂಪಿನ ಕೋಣೆಗೆ ಓಡಿದೆ. ವಾಲ್ವ್ ಜಂಗು ಹಿಡಿದು ಅಲುಗಲೊಲ್ಲದು. ಒಳಗೆ ಸಾಹೇಬರೂ ಜನರೂ ಇದ್ದರು.

ಹೊರಗೆ ಬಂದು ನೋಡುತ್ತೇನೆ, ಬೆಂಕಿ ಆರಿದೆ! ಗೇಟಿನಲ್ಲಿ ಮಜ್ಜಿಗೆ ಮಾರುವ ಅಜ್ಜಿ ತುಂಬಿದ ಕೊಡಗಳನ್ನೆಲ್ಲ ರಾಶಿಯ ಮೇಲೆ ಸುರಿದುಬಿಟ್ಟಿದ್ದಳು. ಉಳಿದವರು ಒದ್ದೆ ಗೋಣಿಚೀಲ ಹೊದಿಸಿ ತುಳಿದಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಸಾಹೇಬರ ಮೀಸೆಯಿಂದ ಮಾತ್ರ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ಮೇಲೆ ನೋಡಿದಳು. "ಇಷ್ಟುದ್ದ ಪೈಪ ಐತಿ, ನೀರ ಯಾಕ ಇಲ್ಲ?"

ಸಾಹೇಬರು ಸಣ್ಣ ದನಿಯಲ್ಲಿ ಏನೋ ಹೇಳಿದರು. ನಾನು ತಿಳಿಸಿದೆ, "ಥಂಡ್ಯಾಗ ಗಟ್ಟಿ ಆಗ್ತಾವಂತ ಖಾಲಿ ಮಾಡ್ಸಿದ್ರು ಬೇ."

ಅಜ್ಜಿಯ ಕಣ್ಣುಗಳು ಅರಳಿದವು.

"ಯಪ್ಪಾ! ನಾ ಹೆಪ್ಪ ಹಾಕಿದ ಹಾಲ ಈ ಥಂಡ್ಯಾಗ ಗಟ್ಟಿ ಆಗವಲ್ದು, ಇವ್ರ ನೀರ ಆಗ್ತಾವಂತ!"