ಚಾಲಕನು ನಕ್ಕನು

ತಪ್ಪು ಒಪ್ಪಿಕೊಳ್ಳುವುದಕ್ಕೂ ವಯಸ್ಸಾಗಬೇಕು. ಹರೆಯದಲ್ಲಿ ತಪ್ಪು ಮಾಡುವುದಕ್ಕೇ ಪುರುಸೊತ್ತು ಸಾಲುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ಮೊಣಕಾಲಿನ ಜೊತೆಗೆ ಮನಸ್ಸಾಕ್ಷಿಯೂ ನೋಯತೊಡಗುತ್ತದೆ, ಮೊಣಕಾಲಿಗಾದರೆ ಎಣ್ಣೆಯಿದೆ.

ಯಲ್ಲಾಪುರದಲ್ಲಿ ಭಾನುವಾರ ಮಕ್ಕಳಿಗೆ ಬರವಣಿಗೆ ಕಲಿಸುವ ನನ್ನನ್ನು ಜನ ‘ಮಾಸ್ತರರೇ’ ಎನ್ನುತ್ತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡು ಕಂತಿನಲ್ಲಿ. ಶಿರಸಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊಲಿದೆ. ಟೆಂಟ್ ಸಿನಿಮಾದ ಗೇಟು ಕಾದು, ಎಲ್ಲ ಚಿತ್ರಗಳ ಕೊನೆಯನ್ನು ಮಾತ್ರ ನೋಡಿದೆ. ಆಮೇಲೆ ಸಿದ್ದಾಪುರ ರೂಟಿನಲ್ಲಿ ಬಸ್ ಕಂಡಕ್ಟರ್ ಆದೆ. ನನ್ನ ಸಾಹಿತ್ಯ ಶುರುವಾದದ್ದು ಅಲ್ಲಿ, ಬಸ್ಸಿನ ದೂರು ಪುಸ್ತಕದಲ್ಲಿ.

ಒಂದು ದಿನ ಶೇಂಗಾ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ಅರ್ಧ ಕತೆ ಸಿಕ್ಕಿತ್ತು. ಮುಂದಿನ ಸೀಟಿನವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವ ಭರದಲ್ಲಿ ಕೋಲಸಿರ್ಸಿಯಲ್ಲಿ ಸೀಟಿ ಊದುವುದನ್ನೇ ಮರೆತೆ. ಅಲ್ಲಿ ಇಳಿಯಬೇಕಿದ್ದ ಅಜ್ಜಿಯೊಬ್ಬಳು, ಕಂಕುಳಲ್ಲಿ ಹುಂಜ ಇರುಕಿಕೊಂಡು, ಕೂಗುತ್ತಲೇ ಎರಡು ಸ್ಟಾಪು ಮುಂದೆ ಬಂದಳು.

‘ಕಂಪ್ಲೇಂಟ್ ಪುಸ್ತಕ ಕೊಡು ತಮಾ’ ಎಂದಳು. ಕೊಟ್ಟೆ. ‘ನಂಗೆ ಬರಿಲಿಕ್ಕೆ ಬರೂದಿಲ್ಲ. ನೀನೇ ಬರಿ. ಸಮಾ ಬರಿ.’

ನನ್ನ ಮೇಲೆ ನಾನೇ ದೂರು ಬರೆದೆ. ಮೊದಲ ವಾಕ್ಯವನ್ನು ಎರಡು ಸಲ ಹೊಡೆದುಹಾಕಿದೆ. ಮೂರನೆಯದಕ್ಕೆ ರುಚಿ ಹತ್ತಿತು. ‘ಅಬಲೆಯ ಮೊರೆಗೆ ನಿರ್ವಾಹಕನು ಕಿವುಡಾದನು’ ಎಂದು ಬರೆದು ನೋಡಿದರೆ ವಾಕ್ಯ ಒಂಟಿಕಾಲಿನಲ್ಲಿ ನಿಂತಂತಿತ್ತು. ಆಸರೆಗೆಂದು ‘ಚಾಲಕನು ಕನ್ನಡಿಯಲ್ಲಿ ನೋಡಿ ನಕ್ಕನು’ ಎಂದು ಸೇರಿಸಿದೆ. ಓದಿ ಹೇಳಿದಾಗ ಅಜ್ಜಿ ಕಣ್ಣೊರೆಸಿಕೊಂಡಳು. ‘ನಕ್ಕನಾ ಅಂವ? ನಂಗೆ ಗೊತ್ತೇ ಆಗ್ಲಿಲ್ಲ ನೋಡು’ ಎಂದು ಹೆಬ್ಬೆಟ್ಟು ಒತ್ತಿದಳು.

ಡಿಪೋದ ಸಾಹೇಬರು ದೂರನ್ನು ಎರಡು ಸಲ ಓದಿದರು. ‘ಇಷ್ಟು ಚಂದ ಬರೆಯುವವನು ಸೀಟಿ ಊದಿ ಹಾಳಾಗಬಾರದು’ ಎಂದು ನನ್ನನ್ನು ಮನೆಗೆ ಕಳಿಸಿದರು. ಚಾಲಕ ರಾಮಾ ನಾಯ್ಕನನ್ನು ಯಲ್ಲಾಪುರದ ಘಟ್ಟದ ರೂಟಿಗೆ ಹಾಕಿದರು. ವಾಕ್ಯದ ಅಂದಕ್ಕಾಗಿ ಒಬ್ಬ ನಿರಪರಾಧಿಯನ್ನು ಮನೆಯೂಟ ಬಿಡಿಸಿ ತಿರುವುಗಳಿಗೆ ತಳ್ಳಿದ್ದೆ.

ಮುಂದೆ ತಾಲೂಕು ಕಚೇರಿಯ ಜಗಲಿಯಲ್ಲಿ ಅರ್ಜಿ ಬರೆದೆ, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದೆ, ವಾರಪತ್ರಿಕೆಗಳಿಗೆ ಕತೆ ಕಳಿಸಿದೆ. ಆ ವಾಕ್ಯದ ಸಮಕ್ಕೆ ಇನ್ನೊಂದು ಹುಟ್ಟಲಿಲ್ಲ. ಪೇಟೆಯಲ್ಲಿ ನಾಯ್ಕ ದೂರದಿಂದ ಕಂಡರೂ ಗಲ್ಲಿ ಸೇರುತ್ತಿದ್ದೆ. ಮಕ್ಕಳಿಗೆ ಮಾತ್ರ, ‘ಕಂಡದ್ದನ್ನಷ್ಟೇ ಬರೆಯಿರಿ’ ಎಂದು ಕಣ್ಣು ಬಿಡುತ್ತಿದ್ದೆ.

ಹೋದ ಭಾನುವಾರ ಹೊಸ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಅವಳ ಅಜ್ಜ ಬಂದ. ನೋಡಿದರೆ ರಾಮಾ ನಾಯ್ಕ. ಇನ್ನು ತಡ ಮಾಡಿದರೆ ಇಬ್ಬರಲ್ಲಿ ಒಬ್ಬರು ಇರಲಿಕ್ಕಿಲ್ಲ ಎಂದುಕೊಂಡು ಎಲ್ಲವನ್ನೂ ಹೇಳಿ, ಕ್ಷಮೆ ಕೇಳಿ ತಲೆ ತಗ್ಗಿಸಿದೆ.

‘ಎಂತದಾ ನೀ ಹೇಳೂದು?’ ಎಂದ. ‘ನಾ ಆವತ್ತು ನಕ್ಕಿದ್ದೆ ಮಾರಾಯ. ಅಜ್ಜಿ ಕೂಗ್ತು, ಹುಂಜ ಕೂಗ್ತು, ನೀ ಕತೆ ಓದ್ತಾನೇ ಇದ್ದೆ. ಕನ್ನಡಿಯಲ್ಲಿ ನೋಡಿ ನಗು ತಡಿಲಿಕ್ಕೇ ಆಗ್ಲಿಲ್ಲ. ನೀ ಅದನ್ನ ಕಂಡುಬಿಟ್ಟೆ ಅಂದ್ಕಂಡು, ನಾಚ್ಗೆಯಾಗಿ, ಇಷ್ಟು ವರ್ಷ ನಿನ್ನ ತಪ್ಪಿಸ್ಕಂಡು ತಿರುಗಿದ್ದೆ.’

ಮೊಮ್ಮಗಳ ಕೈ ಹಿಡಿದು ಹಗುರಾಗಿ ಹೋದ. ನಾನು ಬಾಗಿಲಲ್ಲೇ ನಿಂತೆ. ಪಾಪ ತೊಳೆದುಹೋಯಿತು, ಸರಿ. ಆದರೆ ನನ್ನ ಸ್ವಂತ ತಲೆಯಿಂದ ಹುಟ್ಟಿತೆಂದು ಒಳಗೊಳಗೇ ಹೆಮ್ಮೆಪಟ್ಟಿದ್ದು ಆ ಒಂದೇ ಒಂದು ವಾಕ್ಯದ ಬಗ್ಗೆ. ಅದೂ ಬರೀ ನಡೆದದ್ದೇ ಆಯಿತಲ್ಲ. ಇಷ್ಟಕ್ಕೆ ಸೀಟಿಯನ್ನೇ ಊದಿಕೊಂಡಿರಬಹುದಿತ್ತು.