ಎರಡು ಫ್ಲೆಕ್ಸ್, ಒಂದು ಚಾವಣಿ

ದೇವರಿಗೂ ಭಕ್ತರಿಗೂ ನಡುವೆ ಪೂಜಾರಿ ಇದ್ದಂತೆ, ನಾಯಕರಿಗೂ ಜನರಿಗೂ ನಡುವೆ ನಾನಿದ್ದೇನೆ. ಕಾರ್ಡಿನಲ್ಲಿ ‘ಸಾರ್ವಜನಿಕ ವ್ಯವಹಾರ ಸಲಹೆಗಾರ’ ಎಂದಿದೆ. ಊರವರು ‘ಅರ್ಜಿ ಮೇಷ್ಟ್ರು’ ಎನ್ನುತ್ತಾರೆ. ಈ ಕಸುಬಿನಲ್ಲಿ ನೆಟ್ಟಗೆ ಯೋಚಿಸಿದ್ದು ಸೊಟ್ಟಗಾಗದ ದಿನವೇ ಇಲ್ಲ.

ನನ್ನ ಮೊದಲ ಗಿರಾಕಿಗಳು ಹೊಸದುರ್ಗದ ಕೊಬ್ಬರಿ ವರ್ತಕರು. ಅವರ ಹರಾಜುಕಟ್ಟೆಗೆ ಚಾವಣಿ ಇರಲಿಲ್ಲ, ಮಳೆ ಬಂದರೆ ಕೊಬ್ಬರಿ ನೆನೆಯುತ್ತಿತ್ತು. ಅವರ ಸಂಘದ ಅಧ್ಯಕ್ಷರು ಮುಲಾಜಿಲ್ಲದೆ ಹೇಳಿದ್ದರು: “ಚಾವಣಿ ಆದ್ರೆ ನಿಮ್ ಕೆಲ್ಸ ಕಾಯಂ. ಆಗ್ಲಿಲ್ಲ ಅಂದ್ರೆ ಬೇರೆ ದಾರಿ ನೋಡ್ಕಳ್ರಿ.” ನನಗೆ ಆಗಷ್ಟೇ ಮದುವೆಯಾಗಿತ್ತು. ನಿದ್ದೆ ಹಾರಿಹೋಯಿತು.

ನಿಯೋಗ

ವರ್ತಕರನ್ನು ಕರೆದುಕೊಂಡು, ಚಾವಣಿ ಮಂಜೂರು ಮಾಡಿಸಬಲ್ಲ ನಮ್ಮ ಜಿಲ್ಲೆಯ ನಾಯಕರನ್ನು ಕಾಣಲು ಚಿತ್ರದುರ್ಗಕ್ಕೆ ಹೋದೆ. “ಒಳಗೆ ಅಧ್ಯಕ್ಷರೊಬ್ಬರೇ ಮಾತಾಡಬೇಕು” ಎಂದು ದಾರಿಯುದ್ದಕ್ಕೂ ಪಾಠ ಹೇಳಿದ್ದೆ.

ನಾಯಕರು “ಏನ್ರಪ್ಪ ಸಮಾಚಾರ?” ಎಂದದ್ದೇ ತಡ, ಒಬ್ಬರು ಭಾವಮೈದನ ವರ್ಗಾವಣೆ ಎತ್ತಿದರು, ಇನ್ನೊಬ್ಬರು ಮಗಳ ಹಾಸ್ಟೆಲ್ ಸೀಟು. ಅಧ್ಯಕ್ಷರು ತಮ್ಮ ಗೃಹಪ್ರವೇಶಕ್ಕೆ ಕರೆದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಾಯಕರು ಎದ್ದು ಕಾರು ಹತ್ತಿದ್ದರು.

ಹೊರಗೆ ಬಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು: “ದೇವ್ರಂಥ ಮನುಷ್ಯ. ಯಾವುದಕ್ಕೂ ಇಲ್ಲ ಅನ್ಲಿಲ್ಲ!”

“ಚಾವಣಿ?” ಎಂದೆ.

“ಅಯ್ಯೋ, ಅದ್ನ ಹೇಳಾಕೆ ಅಂತ ತಾನೆ ನಿಮ್ಗೆ ಸಂಬ್ಳ ಕೊಡಾದು!”

ಶಾಲು

ಎರಡನೇ ಸಲ ನಾಯಕರನ್ನು ಹಿರಿಯೂರಿನಲ್ಲಿ ಹಿಡಿದೆವು. ಈ ಸಾರಿ ಜರಿ ಅಂಚಿನ ದುಬಾರಿ ಶಾಲು ಹೊದಿಸಿದೆವು. ನಾಯಕರು “ನೋಡಾಣ” ಎಂದರು. ಆಪ್ತ ಸಹಾಯಕ ರೂಢಿಯಂತೆ ಶಾಲು ಮಡಚಿ ಪಕ್ಕಕ್ಕಿಟ್ಟ.

ನಮ್ಮ ಹಿಂದೆಯೇ ಬಂದವರು ಹೊಳಲ್ಕೆರೆ ಕಡೆಯವರು, ತಮ್ಮೂರಿಗೆ ಬಸ್ಸು ಕೇಳಲು. ಪಾಪ, ಬರಿಗೈ. ಸಹಾಯಕ ಕರುಣೆಯಿಂದ ನಮ್ಮ ಶಾಲನ್ನೇ ಅವರ ಕೈಗಿಟ್ಟ. ಅವರು ಹೊದಿಸಿದರು, ನಾಯಕರು ಅಲ್ಲೇ ಫೋನ್ ಮಾಡಿ ಬಸ್ಸು ಬಿಡಿಸಿದರು.

ವಾಪಸ್ ಬರುವಾಗ ಅಧ್ಯಕ್ಷರು ದಾರಿಯುದ್ದಕ್ಕೂ ಶಾಲಿನ ಅಂಗಡಿಯ ರಸೀದಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಿಟ್ಟುಸಿರಿಟ್ಟರು: “ಶಾಲು ನಮ್ದು, ಬಸ್ಸು ಅವ್ರುದು.”

ಫ್ಲೆಕ್ಸ್

ಕೊನೆಗೆ ನಾಯಕರೇ ಹೊಸದುರ್ಗಕ್ಕೆ ಬರುವುದೆಂದಾಯಿತು. ನಾನು ಎರಡು ಫ್ಲೆಕ್ಸ್ ಮಾಡಿಸಿದೆ. ಒಂದು, ‘ಚಾವಣಿ ಮಂಜೂರು ಮಾಡಿದ ನಾಯಕರಿಗೆ ಹಾರ್ದಿಕ ಅಭಿನಂದನೆಗಳು’. ಇನ್ನೊಂದು, ‘ಚಾವಣಿ ಕೊಡದ ನಾಯಕರಿಗೆ ಧಿಕ್ಕಾರ’. ಅವರು ಒಪ್ಪಿದರೆ ಅದು, ಒಪ್ಪದಿದ್ದರೆ ಇದು. ಫ್ಲೆಕ್ಸ್ ಅಂಗಡಿಯ ಭಾಯ್‌ಗೆ, ನಾನು ಹೇಳುವವರೆಗೆ ಎರಡನ್ನೂ ಬಿಚ್ಚಬೇಡಿ ಎಂದಿದ್ದೆ.

ಕಾರು ನಿಂತಾಗ ನೋಡುತ್ತೇನೆ, ಅಭಿನಂದನೆ ಆಗಲೇ ಮಾರುಕಟ್ಟೆ ಬಾಗಿಲಲ್ಲಿ ಪಟಪಟ ಹಾರಾಡುತ್ತಿದೆ! ಭಾಯ್ ಬಳಿಗೆ ಓಡಿದೆ. ಭಾಯ್ ಮಾತ್ರ ನಿರಾಳವಾಗಿದ್ದರು: “ದೊಡ್ಡೋರು ಬರ್ತಾರೆ ಅಂದ್ರೆ ಅಭಿನಂದ್ನೆ ಕಟ್ಟೋದು ಊರಿನ್ ರಿವಾಜು ಸಾರ್. ನೀವು ಮರ್ತಿರ್ಬೇಕು ಅಂತ ಕಟ್ಟಿದೆ.”

ನಾಯಕರು ಓದಿದರು. ಸಹಾಯಕನತ್ತ ಬಾಗಿ, “ಇದ್ನ ಯಾವಾಗ ಮಾಡಿದ್ವಿ?” ಎಂದರು.

“ಮಾಡಿರ್ಬೇಕು ಸಾರ್” ಎಂದ ಆತ.

ಜನ ಚಪ್ಪಾಳೆ ತಟ್ಟಿದರು. ನಾಯಕರು ಮೈಕ್ ಹಿಡಿದು, “ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು!” ಎಂದುಬಿಟ್ಟರು. ಮೊಬೈಲುಗಳಲ್ಲಿ ವಿಡಿಯೋ ಹರಿದಾಡಿತು. ಇನ್ನು ಇಲ್ಲ ಎನ್ನುವುದು ಹೇಗೆ? ಕೆಲವೇ ದಿನಗಳಲ್ಲಿ ಚಾವಣಿ ನಿಜವಾಗಿಯೂ ಮಂಜೂರಾಯಿತು. ನನ್ನ ಕೆಲಸ ಕಾಯಂ ಆಯಿತು. ಅಬ್ಬಾ, ಹೋದ ಜೀವ ಬಂದಂತಾಯಿತು!

ಭೂಮಿಪೂಜೆಯ ದಿನ ಪೂಜೆಯ ನಡುವೆಯೇ ಮಳೆ ದಬದಬ ಸುರಿಯಿತು. ಹಮಾಲರು ಕೊಬ್ಬರಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯೊಂದನ್ನು ಎಳೆದುಕೊಂಡು ಬಂದು ನಾಯಕರ ತಲೆಯ ಮೇಲೆ ಹಿಡಿದರು. ಬಣ್ಣ ನೋಡಿ ನನಗೆ ಅನುಮಾನ ಬಂತು. ಕಟ್ಟೆ ಹತ್ತಿ ಇಣುಕಿದೆ. ಬೇಡವಾಗಿ ಮೂಲೆಗೆ ಬಿದ್ದಿದ್ದ ನನ್ನ ಎರಡನೇ ಫ್ಲೆಕ್ಸು! ಪುಣ್ಯಕ್ಕೆ ಅಕ್ಷರಗಳು ಆಕಾಶಕ್ಕೆ ಮುಖ ಮಾಡಿದ್ದವು.

ಧಿಕ್ಕಾರದ ಕೆಳಗೆ ಬೆಚ್ಚಗೆ ನಿಂತ ನಾಯಕರು ನನ್ನ ಭುಜ ತಟ್ಟಿದರು: “ನೋಡಪ್ಪ, ತಲೆ ಮೇಲೆ ಇಂಥದ್ದೊಂದು ಇದ್ರೆ ಎಷ್ಟು ನೆಮ್ಮದಿ!”