ಸಂಧ್ಯಾವಂದನೆ ಮುಗಿಸಿ ಬಾತುಕೋಳಿಗೆ ಹೊರಟ ಮಾಮಾ

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ಉಳ್ಳಾಗಡ್ಡಿಯನ್ನೂ ಬಾಯಿಗೆ ಹಾಕಿದವರಲ್ಲ. ಆದರೆ ಕಲಕತ್ತಾದಲ್ಲಿ ಚೀನೀ ಪದ್ಧತಿಯಲ್ಲಿ ಸುಟ್ಟ ಬಾತುಕೋಳಿ ಅಗ್ಗಕ್ಕೆ ಎಲ್ಲಿ ಸಿಗುತ್ತದೆ, ಯಾವ ಗಾಡಿಯದು ರುಚಿ, ಯಾವುದು ಬರೀ ಬಣ್ಣ ಎಂದು ಕೇಳಬೇಕಾದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ! ನಂಬುವುದಿಲ್ಲವೆ? ಹಣೆಗೆ ಅಂಗಾರ-ಅಕ್ಷತೆ ಇಡುವ, ಏಕಾದಶಿಗೆ ಹಲ್ಲಿಗೂ ರಜೆ ಕೊಡುವ ಈ ನಿವೃತ್ತ ಮಾಸ್ತರರಿಗೆ ಆ ವಿದ್ಯೆ ಹೇಗೆ ಒಲಿಯಿತು? ಹೇಳುತ್ತೇನೆ.

ಎಲ್ಲಕ್ಕೂ ಕಾರಣ ಅವರ ಗೆಳೆಯ. ಕನ್ನೊಳ್ಳಿಯ ಕುರಿ ಸಾಕುವ ಮನೆತನದವರು, ಸೈನ್ಯದಲ್ಲಿದ್ದು ಬಂದವರು. ಊರಿಗೆಲ್ಲ ಫೌಜಿ ಕಾಕಾ. ಇಬ್ಬರೂ ಸಿಂದಗಿಯ ಸಾಲಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಬೆತ್ತದ ರುಚಿ ನೋಡಿದವರು. ಮಾಮಾ ಕಾಶಿ-ಗಯೆಗೆ ಹೊರಟಾಗ, "ನೀ ಒಬ್ಬಾವನ ಹ್ವಾದ್ರ ದಾರ್‍ಯಾಗ ಯಾವನರೆ ನಿನ್ನ ಧೋತರಾನೂ ಬಿಚಗೊಂಡು ಹೋಗ್ತಾನಲೇ, ಮಾಸ್ತರ" ಎಂದು ಕಾಕಾ ಬೆಂಗಾವಲಿಗೆ ನಿಂತರು. ಕಾಕಾನ ಹೆಂಡತಿಗೆ ಮಾಮಾ ಮಾತು ಕೊಟ್ಟರು: "ವೈನಿ, ಹೆಂಗ ಒಯ್ತೀನೋ ಹಂಗ ತಂದು ಮುಟ್ಟಸ್ತೀನಿ. ಚಿಂತಿ ಮಾಡಬ್ಯಾಡ್ರಿ."

ಯಾತ್ರೆ ಮುಗಿಸಿ ಇಬ್ಬರೂ ಕಲಕತ್ತಾಕ್ಕೆ, ನಮ್ಮ ಮನೆಗೆ ಬಂದರು. ಬ್ಯಾಂಕಿನ ವರ್ಗಾವಣೆ ನನ್ನನ್ನು ಆಗ ಅಲ್ಲಿಗೆ ಎಸೆದಿತ್ತು. ಕಾಕಾ ಹರೆಯದಲ್ಲಿ ಚಾಕರಿ ಮಾಡಿದ ಊರು ಅದು. ಕಾಲಿಟ್ಟ ಕೂಡಲೇ ಇಪ್ಪತ್ತರ ಹುಡುಗನಾಗಿಬಿಟ್ಟರು. "ಟ್ರಾಮಿನ್ಯಾಗಿಂದ ಇಳಿಯೂದು ಹೆಂಗಂತ ತೋರಸ್ತೇನಿ, ನೋಡಲೇ" ಎಂದವರೇ ಚಲಿಸುವ ಟ್ರಾಮಿನಿಂದ ಇಳಿದು ತೋರಿಸಿದರು. ಇಳಿದದ್ದು ರಸ್ತೆಯಲ್ಲಿ, ಎದ್ದದ್ದು ದವಾಖಾನೆಯಲ್ಲಿ! ಬಲಗೈಗೆ ಬೆರಳ ತುದಿಯವರೆಗೆ ಪ್ಲಾಸ್ಟರು.

ಎಲುಬಿನ ಚಿಂತೆ ಡಾಕ್ಟರಿಗೆ, ಊಟದ ಚಿಂತೆ ನಮಗೆ. ಎಡಗೈಯಿಂದ ಉಣ್ಣಲು ಕಾಕಾ ಒಲ್ಲರು. ಯಾರಾದರೂ ಉಣಿಸಲು ಹೋದರೆ "ನಾ ಏನ್ ಕೂಸೇನು?" ಎಂದು ಕಣ್ಣು ಕೆಂಪಗೆ ಮಾಡುವರು. ಮೇಲೆ ಜ್ವರ, ಗುಳಿಗೆ, ಕಹಿ ಬಾಯಿ. ನನ್ನ ಹೆಂಡತಿ ಲೋಟದಲ್ಲಿ ಕೊಟ್ಟ ಗಂಜಿಯನ್ನು ಎರಡು ಗುಟುಕು ಕುಡಿದು ಗೋಡೆಯ ಕಡೆ ಮುಖ ತಿರುವಿಬಿಡುವರು. ಎದ್ದು ನಿಂತರೆ ಕಾಲು ನಡುಗತೊಡಗಿದವು. "ಹೊಟ್ಟೆಗೆ ಬೀಳದೆ ಶಕ್ತಿ ಬರುವುದಿಲ್ಲ. ಶಕ್ತಿ ಬರದೆ ರೈಲು ಹತ್ತಿಸಬೇಡಿ" ಎಂದರು ಡಾಕ್ಟರು. ಅಂದಿನಿಂದ ಮಾಮಾಗೂ ಅನ್ನ ಸೇರದಾಯಿತು. ಕನ್ನೊಳ್ಳಿಯಿಂದ ಫೋನು ಬಂದರೆ, ಜೀವಮಾನದಲ್ಲಿ ಸುಳ್ಳಾಡದ ಮನುಷ್ಯ, "ಹೂಂ ವೈನಿ, ಛಂದ ಉಣ್ಣಲಿಕ್ಕತ್ಯಾನ" ಎಂದು ಹೇಳಿ ದೇವರ ಫೋಟೋಕ್ಕೆ ಕೈಮುಗಿಯುತ್ತಿದ್ದರು.

ಒಂದು ಸಂಜೆ ಗೆಳೆಯನ ಹಾಸಿಗೆಯ ಬದಿಗೆ ಕೂತು ಕೇಳಿದರು: "ಏನ್ ತಿಂತೀಯೋ ಹೇಳಲೇ. ಏನಿದ್ರೂ ತರ್ತೀನಿ."

ಕಾಕಾ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಇಲ್ಲಿ ಚೀನೀ ಮಂದಿ ಓಣ್ಯಾಗ ನಸುಕಿನ್ಯಾಗ ಗಾಡಿ ಮ್ಯಾಲ ಸುಟ್ಟ ಬಾತಕೋಳಿ ಮಾರತಿದ್ರು. ಕಬ್ಬಿಣದ ಕೊಕ್ಕಿಗೆ ತೂಗ ಹಾಕಿರತಿದ್ರು. ಮ್ಯಾಲಿನ ತೊಗಲು ಹಪ್ಪಳಧಂಗ ಕಟಮ್ ಅಂತಿತ್ತು. ಬಡ ಸಿಪಾಯಿ ಕಿಸೆಕ್ಕ ಭಾರ ಆಗತಿರಲಿಲ್ಲ. ಅದೊಂದು ತಿನ್ನಬೇಕ ಅನಸ್ತೈತಿ. ಆದ್ರ ನೀ ಏನ್ ತರ್ತಿ ಬಿಡು. ಹೋಗು, ಜಪಾ ಮಾಡು."

ಮಾಮಾ ಬೆಪ್ಪಾದರು. ಇಂಡಿಯ ಬಸ್ ಸ್ಟ್ಯಾಂಡಿನ ಎದುರು 'ಚೈನೀಸ್' ಎಂದು ಬರೆದ ಗಾಡಿಯಲ್ಲಿ ಗೋಬಿ ಕರಿಯುವುದನ್ನು ಕಂಡು, ಚೀನಾದವರೆಲ್ಲ ಕಾಯಿಪಲ್ಯೆ ತಿಂದು ಬದುಕುವ ಸಾತ್ವಿಕರೆಂದೇ ಅವರು ನಂಬಿದ್ದರು!

ನಾನು ಜಾಣತನ ಮಾಡಿ, ಮೊಬೈಲಿನಲ್ಲಿ ದೊಡ್ಡ ಹೋಟೆಲಿನಿಂದ ತರಿಸಿದೆ. ಬಂಗಾರದ ಬಣ್ಣದ ಡಬ್ಬಿ, ಮೇಲೆ ರಿಬ್ಬನ್ನು. ಕಾಕಾ ಮೂಸಿ ನೋಡಿ ಹೇಳಿದರು, "ಇದು ಬಾತಕೋಳಿ ಅಲ್ಲ ತಮ್ಮಾ, ಬಾತಕೋಳಿ ಫೋಟೋ. ಗ್ವಾಡಿಗೆ ಹಾಕು."

ಮರುದಿನ ಬೆಳಗಾಗುವ ಮೊದಲೇ ಮಾಮಾ ತಣ್ಣೀರು ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ, ಛತ್ರಿ ಹಿಡಿದು ಬಾಗಿಲಲ್ಲಿ ನಿಂತರು. "ನಡಿ, ಬಾತಕೋಳಿ ನೋಡೋಣ." ಲಗ್ನಕ್ಕೆ ಕನ್ಯೆ ನೋಡಲು ಹೊರಟ ಗತ್ತು!

ಹಳೆಯ ಚೀನೀ ಕೇರಿಯಲ್ಲಿ ಗಾಡಿಗಳು ಆಗತಾನೇ ನಿಂತಿದ್ದವು. ಕಚ್ಚೆ ಧೋತರ, ಹಣೆಯ ಮೇಲೆ ಕಪ್ಪು ಗೆರೆ, ಹೆಗಲ ಮೇಲೆ ಉಪರಣೆ. ಈ ಅವತಾರ ಕಂಡದ್ದೇ ತಡ, ಜಗಳಕ್ಕೇ ಬಂದಿರಬೇಕೆಂದು ವ್ಯಾಪಾರಿಗಳು ಬಾತುಕೋಳಿಗಳ ಮೇಲೆ ಸರಸರನೆ ಬಟ್ಟೆ ಎಳೆದರು. ಮಾಮಾಗೆ ಅಪಮಾನವಾಯಿತು. ಅರ್ಧ ಮರಾಠಿಯ ಹಿಂದಿಯಲ್ಲಿ, "ಮುಚ್ಚಬೇಡಿರಪ್ಪ, ನಾನು ಅದನ್ನೇ ಹುಡುಕುತ್ತ ಬಂದಿದ್ದೇನೆ" ಎಂದು ಕೂಗಿದರು. ಆಗಂತೂ ಒಬ್ಬ ಗಾಡಿಯನ್ನೇ ತಳ್ಳಿಕೊಂಡು ಹೋದ!

"ಮಾಮಾ, ಯಾವುದು ಛಲೋ ಅಂತ ನಾ ಒಂಚೂರು ತಿಂದು ಹೇಳಲೇನು?" ಎಂದೆ.

"ನೀ ಕದ್ದು ತತ್ತಿ ತಿಂತಿ ಅಂತ ನನಗ ಗೊತ್ತದ. ತತ್ತಿ ತಿಂದಾವ್ಗ ಅದರ ಅವ್ವನ ರುಚಿ ಏನ್ ತಿಳೀತದ? ಸುಮ್ಮ ಕೂಡು."

ಅವರ ಉಪಾಯವೇ ಬೇರೆ. ರಸ್ತೆಯ ಈಚೆ ಒಂದು ಖಾಲಿ ಡಬ್ಬದ ಮೇಲೆ ಕೂತು, ಉಪರಣೆಯಿಂದ ಮೂಗು ಮುಚ್ಚಿ, ತಿನ್ನುವವರ ಮುಖ ನೋಡತೊಡಗಿದರು. ಜೀವನವೆಲ್ಲ ಪರೀಕ್ಷೆಯ ಕೋಣೆಯಲ್ಲಿ ಮುಖ ಓದಿದವರಲ್ಲವೆ? ಮಾತಾಡುತ್ತ ತಿಂದರೆ ಗಾಡಿ ನಾಪಾಸು. ಮೊಬೈಲು ನೋಡುತ್ತ ತಿಂದರೆ ಅದು ಪರೀಕ್ಷೆಗೇ ಕೂಡುವಂತಿಲ್ಲ. ಹೀಗೆ ಮೂರು ಮುಂಜಾನೆ! ಕೊನೆಗೊಬ್ಬ ಹಮಾಲ ಮೂಲೆಯ ಗಾಡಿಗೆ ಬಂದ. ತುತ್ತು ಬಾಯಿಗೆ ಹೋದದ್ದೇ ಅಗಿಯುವುದನ್ನೂ ಮರೆತು ನಿಂತ. ಮಾಮಾ ನನ್ನ ತೊಡೆಗೆ ಗುದ್ದಿದರು: "ಇದು ಫಸ್ಟ್ ಕ್ಲಾಸು!"

ಗಾಡಿಯವಳು ಒಬ್ಬ ಚೀನೀ ಮುದುಕಿ. ಗುಂಡು ಮರದ ತುಂಡಿನ ಮೇಲೆ ಟಕಟಕ ಕತ್ತರಿಸಿ ಕಾಗದದಲ್ಲಿ ಸುತ್ತಿದಳು. ಮಾಮಾ ದುಡ್ಡು ಕೊಟ್ಟು, ಬದನೆಕಾಯಿ ಸಂತೆಯಲ್ಲಿ ನಿಂತವರಂತೆ ಕೈ ಚಾಚಿಯೇ ಇದ್ದರು. "ಕೊಸರು?"

ಅದೇನೆಂದು ಅವಳಿಗೆ ತಿಳಿಯಲಿಲ್ಲ. ಮಾಲು ತೂಗಿದ ಮೇಲೆ ಪ್ರೀತಿಗೆ ಒಂದಿಷ್ಟು ಹೆಚ್ಚು ಹಾಕುವುದು ನಮ್ಮ ಕಡೆಯ ಪದ್ಧತಿ ಎಂದು ಮಾಮಾ ಪಾಠ ಮಾಡಿದರು. ಒಂದೆರಡು ಕಡ್ಡಿ ಕೊತ್ತಂಬರಿಯಾದರೂ ಸಾಕು ಎಂದರು. ಮುದುಕಿ ಬಿದ್ದು ಬಿದ್ದು ನಕ್ಕು, ಪೊಟ್ಟಣ ಬಿಚ್ಚಿ ಮತ್ತೇನೋ ಹಾಕಿದಳು. ಕೊತ್ತಂಬರಿ ಕೇಳಿದರೆ ಕುತ್ತಿಗೆ ಕೊಟ್ಟಿದ್ದಳು!

ಪೊಟ್ಟಣ ಛತ್ರಿಯ ತುದಿಗೆ ನೇತಾಡುತ್ತ ಮನೆ ಸೇರಿತು. ನನ್ನ ಹೆಂಡತಿ ಅಡಿಗೆಮನೆಗೆ ಅಡ್ಡ ನಿಂತಳು: "ಗ್ಯಾಲರಿಗೆ ಒಯ್ರಿ, ಗ್ಯಾಲರಿಗೆ!" ಮನೆಯ ಹೊರಚಾಚಿನ ಆ ಗ್ಯಾಲರಿಯಲ್ಲಿ ಕಾಕಾನ ಮುಂದೆ ಕಾಗದ ಬಿಚ್ಚಿ ಇಟ್ಟು, ಮಾಮಾ ಆಚೆ ಬೆನ್ನು ತಿರುಗಿಸಿ ಕೂತರು. ಗೆಳೆಯನ ಪಂಕ್ತಿ ಬೇರೆ, ತಮ್ಮದು ಬೇರೆ. ಸಾಲಿಯಲ್ಲಿದ್ದಾಗಿನಿಂದ ಅವರು ಉಂಡದ್ದೇ ಹೀಗೆ, ಬೆನ್ನಿಗೆ ಬೆನ್ನು ಕೊಟ್ಟು ಹರಟೆ ಹೊಡೆಯುತ್ತ.

"ಇದಽ ಲೇ, ಮಾಸ್ತರ! ಇದಽ ಐತಿ!" ಕಾಕಾನ ದನಿಯಲ್ಲಿ ಎಷ್ಟೋ ದಿನದ ಮೇಲೆ ಜೀವ ಬಂದಿತ್ತು. ಎಡಗೈ ಮುಂದೆ ಹೋಯಿತು. ನಡುದಾರಿಯಲ್ಲಿ ನಿಂತಿತು. ಮೆಲ್ಲಗೆ ಹಿಂದೆ ಸರಿದು ತೊಡೆಯ ಮೇಲೆ ಬಿತ್ತು. ಆಮೇಲೆ ಸದ್ದಿಲ್ಲ.

ಆ ಸದ್ದಿಲ್ಲದ್ದು ಮಾಮಾಗೆ ಕೇಳಿಸಿತು. ಹಿಂತಿರುಗಿ ನೋಡಿದರು. ಎದ್ದು ಉಪರಣೆಯನ್ನು ಕಿಟಕಿಯ ಸರಳಿಗೆ ಹಾಕಿ, ಬಂದು ಗೆಳೆಯನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕೂತರು. ಒಂದು ತುಂಡು ಕೈಗೆತ್ತಿಕೊಂಡರು. ಯಾವುದು ಎಲುಬು, ಯಾವುದು ಮಾಂಸ ಎಂದು ತಿಳಿಯದ ಆ ಬೆರಳುಗಳು ಹುಣಸೆಹಣ್ಣಿನ ಬೀಜ ತೆಗೆಯುವಂತೆ, ತಡವರಿಸುತ್ತ, ಒಂದೊಂದೇ ಎಲುಬು ಬಿಡಿಸಿದವು.

ಕಾಕಾ ನೋಡುತ್ತಲೇ ಇದ್ದರು. ಕೂಸೇನು ಎಂದು ರೇಗಲಿಲ್ಲ.

"ಲೇ ಮಾಸ್ತರ... ಕೈ ಮೈಲಿಗಿ ಆತಲೇ."

"ತೊಳಕೊಂಡ್ರ ಹೋಗ್ತದ. ನೀ ಬಾಯಿ ತಗಿ."

ಕಾಕಾ ಬಾಯಿ ತೆರೆದರು.